ಸತ್ತವರ ಒಟ್ಟು ಲೆಕ್ಕವನ್ನು ನೋಡಿರಿ

2020ನೆಯ ಮಾರ್ಚ್ 25ರಿಂದ ದೇಶಕ್ಕೆ ಬೀಗ ಹಾಕಿದುದು ವ್ಯರ್ಥವಾಯಿತು, ರೋಗಕ್ಕಿಂತಲೂ ಲಾಕ್‌ಡೌನೇ ಹೆಚ್ಚು ಜನರನ್ನು ಕೊಂದಿತು ಎಂಬ ಮಾತು ನಮ್ಮ ಕಾಫಿಯ ಸೀಮೆಯಲ್ಲಿ ಈಗಲೂ ಕೇಳಿಬರುತ್ತಲಿದೆ. ವಿದ್ಯಾವಂತರೂ ಇದನ್ನು ನುಡಿಯುತ್ತಿರುವಾಗ ನಾವು ಸುಮ್ಮನಿರಲಾರೆವು.

ಮಲ್ಲಂದೂರಿನ ಕಡೆಯ ತೋಟವೊಂದರ ಲೈನ್‌ಮನೆಯಲ್ಲಿ ಮುದುಕನೊಬ್ಬನು ಜ್ವರ ಬಂದು, ಏದುಸಿರು ಬಿಟ್ಟು ಸತ್ತನೆಂದು ಭಾವಿಸಿರಿ. ಪರೀಕ್ಷೆಯಾಗಲಿಲ್ಲ, ವೈದ್ಯನೂ ಬರಲಿಲ್ಲ. ಅವನು ಕೋವಿಡ್ ಮೃತರ ಪಟ್ಟಿಗೆ ಸೇರುವುದೆಂತು? ಸರ್ಕಾರವು ಸಾರಿದ 50,000 ರೂಪಾಯಿಗಳ ಪರಿಹಾರವು ಅವನ ಹೆಂಡತಿಗೆ ಸಲ್ಲುವುದೆಂತು? 2020ರಲ್ಲಿ ದೇಶದಲ್ಲಿ ನೋಂದಣಿಯಾದ ಮರಣಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದುದು ನೂರಕ್ಕೆ 22.5 ಮಾತ್ರ. ಕಾರಣದ ಕಲಮನ್ನು ನಂಬಲಾಗದೆಡೆಯಲ್ಲಿ ಒಟ್ಟು ಮರಣಗಳನ್ನೇ ಎಣಿಸತಕ್ಕದ್ದು.

ಎಣಿಸೋಣ. ನೋಂದಣಿಯಾದ ಮರಣಗಳು 2018ರಲ್ಲಿ 69.5 ಲಕ್ಷ, 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 102.2 ಲಕ್ಷ. ರೋಗವಿಲ್ಲದ 2019ರ ಏರಿಕೆಯು ಸುಮಾರು 7 ಲಕ್ಷ. ಇಡೀ ದೇಶವೇ ಬಾಗಿಲು ಮುಚ್ಚಿದ್ದ 2020ರದು 5 ಲಕ್ಷಕ್ಕೂ ಕಡಿಮೆ. 2021ರದು 21 ಲಕ್ಷ! ಲಾಕ್‌ಡೌನೇ ಮುಖ್ಯ ಕೊಲೆಗಾರನಾಗಿದ್ದರೆ ಈ ಲೆಕ್ಕವು ತಿರುವುಮುರುವಾಗಬೇಕಾಗಿದ್ದಿತಲ್ಲವೆ?

2020ರಲ್ಲಿ ಕಚೇರಿಗಳು ಮುಚ್ಚಿದ್ದರಿಂದ ಕೆಲವು ಸಾವುಗಳು ಪುಸ್ತಕಕ್ಕೆ ಬಾರದೆ ಉಳಿದಿರಬಹುದು. 2021ರಲ್ಲಿ ರೋಗಾಣುವು ರೂಪಾಂತರ ಹೊಂದಿ ಮತ್ತಷ್ಟು ಕ್ರೂರವಾದುದೂ ನಿಜ. ಆದರೆ ಆ ವರ್ಷ ನಮ್ಮ ರಾಜ್ಯವು ಬಾಗಿಲು ಮುಚ್ಚಿದುದು ಏಪ್ರಿಲ್ 27ರ ರಾತ್ರಿ. ಅಷ್ಟರಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆಗೆ ಹಾಹಾಕಾರವೆದ್ದಿತ್ತು. ಕಾಲ ಮೀರಿ ಹಾಕಿದ ಬೀಗವನ್ನು ತೋರಿಸಿ ಬೀಗವೇ ನಿಷ್ಪ್ರಯೋಜಕವೆನ್ನುವುದು ಯಾವ ನ್ಯಾಯ? ಕಾಲಕ್ಕೆ ಸರಿಯಾಗಿ ಗಡಿ ಮುಚ್ಚಿ, ಬಂದವರನ್ನು ಕ್ವಾರಂಟೈನಿನಲ್ಲಿರಿಸಿದ ನ್ಯೂಜಿಲೆಂಡಿನಲ್ಲಿ 2020ರ ಒಟ್ಟು ಮರಣಗಳು ವಾಡಿಕೆಗಿಂತ ಕಡಿಮೆಯಾದವು. ಚಳಿಗಾಲದ ಫ್ಲೂ ಜ್ವರವೂ ಅಲ್ಲಿ ಹೆಚ್ಚುಕಡಿಮೆ ಮಾಯವಾಯಿತು.

ಲಾಕ್‌ಡೌನು ನಿರ್ದೋಷಿಯೆಂದು ನಾವು ಹೇಳುವುದಿಲ್ಲ. ರಸ್ತೆ ಅಪಘಾತದ ಸಾವುಗಳನ್ನು ಅದು 1.51 ಲಕ್ಷದಿಂದ 1.31 ಲಕ್ಷಕ್ಕೆ ಇಳಿಸಿತು. ಆದರೆ ಅದೇ ವರ್ಷ, ಪತ್ತೆಯಾದ ಕ್ಷಯರೋಗಿಗಳ ಸಂಖ್ಯೆಯು 24 ಲಕ್ಷದಿಂದ 18 ಲಕ್ಷಕ್ಕೆ ಇಳಿಯಿತು. ರೋಗ ಕಡಿಮೆಯಾಗಿ ಇಳಿದುದಲ್ಲ. ರೋಗಿಯು ಆಸ್ಪತ್ರೆಯ ಮೆಟ್ಟಿಲು ಹತ್ತಲಾರದೆ ಇಳಿದುದು. ಕೂಲಿಯ ಅನ್ನವನ್ನೂ ಔಷಧವನ್ನೂ ಮೊದಲು ಅಣಿಮಾಡದೆ ಬಾಗಿಲು ಮುಚ್ಚಿದವರು ಇದಕ್ಕೆ ಉತ್ತರ ಹೇಳಬೇಕು. ದೋಷವು ತಡೆಯಲ್ಲಿಲ್ಲ, ಸಿದ್ಧತೆಯಿಲ್ಲದ ತಡೆಯಲ್ಲಿದೆ.

ಆದುದರಿಂದ ನಮ್ಮ ಬೇಡಿಕೆಯು ಸ್ಪಷ್ಟವಾಗಿದೆ. ತಾಲ್ಲೂಕುವಾರು ಮರಣಸಂಖ್ಯೆಯನ್ನು ತಿಂಗಳು ತಿಂಗಳೂ ಪ್ರಕಟಿಸಲಿ. ಮುಂದಣ ಮಾರಿಯ ಹೆಜ್ಜೆ ಅಲ್ಲಿಯೂ ಕಾಣುವುದು. ಲೈನ್‌ಮನೆಯ ಸಾವಿಗೂ ವೈದ್ಯನು ಕಾರಣ ಬರೆಯಲಿ. ಉಪಾಧ್ಯಾಯ ಮಹಾಶಯರೇ, ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬ 1969ರ ಕಾಯಿದೆಯನ್ನು ಊರೂರಿಗೆ ತಿಳಿಯಹೇಳಿರಿ. ಸತ್ತವರನ್ನು ಎಣಿಸಲಾರದ ನಾಡು ಬದುಕಿರುವವರನ್ನು ಕಾಯಲಾರದು.