ಹತಾಶೆಯನ್ನೂ ಸಂಶಯಿಸಬೇಕು

ಲಾಸ್ ಏಂಜಲೀಸ್ ಕಡೆಯ ಸಾಧಾರಣ ಬಡಾವಣೆಯೊಂದರಲ್ಲಿ ಒಬ್ಬ ಸಾಯಲಿಕ್ಕೆಂದೇ ಮನೆ ಕೊಳ್ಳುತ್ತಾನೆ. ಮನೆ ಮಾರಿಸಿಕೊಟ್ಟ ಹೆಂಗಸು ರಿಪೇರಿಯ ಮಾತೆತ್ತಿದರೆ, ತಾನಿಲ್ಲಿ ಬಹಳ ದಿನ ಇರುವವನಲ್ಲ ಎಂದು ತಳ್ಳಿಹಾಕುತ್ತಾನೆ. ಆಕೆ ಒಳ್ಳೆಯ ಮನಸ್ಸಿನಿಂದ ಗೋಡೆಗೆ ಹೊಸ ಗಾರೆ ಮಾಡಿಸುತ್ತಾಳೆ. ಆ ಗಾರೆಯ ಮೇಲೊಂದು ಕಲೆ ಏಳುತ್ತದೆ. ಪಕ್ಕದ ಮನೆಯ ಎಸ್ಪೆರಾಂಜಾಳಿಗೆ ಅದರಲ್ಲಿ ಏಸುವಿನ ಮುಖ ಕಾಣುತ್ತದೆ. ಮನೆಯೊಡೆಯ ಹೆನ್ರಿ ಪೂಲ್‌ಗೆ ಕಾಣುವುದು ಕೆಟ್ಟ ಕೆಲಸದಿಂದಾದ ನೀರಿನ ಕಲೆ. 2008ರಲ್ಲಿ ತೆರೆಗೆ ಬಂದ ‘ಹೆನ್ರಿ ಪೂಲ್ ಈಸ್ ಹಿಯರ್’ ಚಿತ್ರದ ಕತೆಯೆಲ್ಲ ಈ ಎರಡು ನೋಟಗಳ ನಡುವಿನದು. ನಿರ್ದೇಶಕ ಮಾರ್ಕ್ ಪೆಲಿಂಗ್ಟನ್ ಅದಕ್ಕೆ ಮೊದಲು ಹೆಸರಾಗಿದ್ದದ್ದು ‘ಆರ್ಲಿಂಗ್ಟನ್ ರೋಡ್’ನಂಥ ಥ್ರಿಲ್ಲರ್‌ಗಳಿಗೆ. 2004ರಲ್ಲಿ ಅವರ ಹೆಂಡತಿ ತೀರಿಕೊಂಡರು. ಆ ಸಾವಿನ ನಂತರ ಮಾಡಿದ ಈ ಚಿತ್ರದಲ್ಲಿ ಗುಟ್ಟಿಲ್ಲ, ಬೆನ್ನಟ್ಟುವವರಿಲ್ಲ. ಒಂದು ಹಿತ್ತಿಲು, ಒಂದು ಕುರ್ಚಿ, ಒಂದು ಗೋಡೆ, ಕರೆಯದೆ ಬರುವ ನೆರೆಹೊರೆಯವರು.

ಇಂಥ ಕತೆ ಕೇಳಿದ ಕೂಡಲೇ ನಾವು ಪಾತ್ರಗಳನ್ನು ಎರಡು ಪಂಗಡ ಮಾಡುತ್ತೇವೆ. ಎಸ್ಪೆರಾಂಜಾ ನಂಬಿಕೆಯ ಕಡೆಯವಳು, ಹೆನ್ರಿ ಸಂಶಯದ ಕಡೆಯವನು. ಭರವಸೆಯನ್ನಂತೂ ಕೇಳುವ ಮೊದಲೇ ನಂಬಿಕೆಯ ಪಾಲಿಗೆ ಬರೆದುಬಿಡುತ್ತೇವೆ. ನಂಬಿದವನಿಗೆ ಭರವಸೆ ಇರುತ್ತದೆ, ಸಂಶಯಿಸುವವನಿಗೆ ಇರುವುದಿಲ್ಲ ಎಂಬ ಲೆಕ್ಕ ನಮ್ಮ ಮನೆಮಾತಿನಲ್ಲೂ ಸಿನಿಮಾಗಳಲ್ಲೂ ಎಷ್ಟು ಬೇರುಬಿಟ್ಟಿದೆಯೆಂದರೆ, ಅದನ್ನು ಪ್ರಶ್ನಿಸಬೇಕೆಂದು ಹೊಳೆಯುವುದೂ ಕಷ್ಟ. ಆ ಲೆಕ್ಕ ತಪ್ಪು ಎಂಬುದು ನನ್ನ ವಾದ.

ಹೆನ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅವನು ಯಾವುದನ್ನು ಸಂಶಯಿಸುತ್ತಾನೆ? ಕಲೆಯನ್ನು ಸಂಶಯಿಸುತ್ತಾನೆ, ಸರಿ. ಆದರೆ ತಾನು ಸಾಯುತ್ತೇನೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿಲ್ಲ. ವೈದ್ಯರು ಹೇಳಿದ್ದಾರೆ, ಮುಗಿಯಿತು. ಆ ಮಾತಿನ ಮೇಲೆ ಅವನು ಇಡೀ ದಿನಚರಿಯನ್ನೇ ಕಟ್ಟಿಕೊಂಡಿದ್ದಾನೆ: ಕುಡಿತ, ಪೊಟ್ಟಣದ ತಿಂಡಿ, ಹಿತ್ತಿಲಲ್ಲಿ ಕುರ್ಚಿ ಹಾಕಿ ಕೂರುವುದು. ಮತ್ತೊಮ್ಮೆ ಪರೀಕ್ಷೆ ಮಾಡಿಸೋಣ ಅನ್ನಿಸುವುದಿಲ್ಲ, ಇನ್ನೊಬ್ಬ ವೈದ್ಯರನ್ನು ಕೇಳೋಣ ಅನ್ನಿಸುವುದಿಲ್ಲ. ಇಡೀ ಚಿತ್ರದಲ್ಲಿ ಇವನಷ್ಟು ಗಟ್ಟಿಯಾಗಿ ನಂಬಿದವರು ಇನ್ನೊಬ್ಬರಿಲ್ಲ. ಅವನು ನಂಬಿದ್ದು ಕೊನೆಯನ್ನು, ಅಷ್ಟೇ. ಎಸ್ಪೆರಾಂಜಾ ಅವನ ಬದುಕಿಗೆ ತಂದದ್ದು ನಂಬಿಕೆ ಎಂದು ಚಿತ್ರ ತಿಳಿದುಕೊಂಡಂತಿದೆ. ನನಗೆ ಕಾಣುವಂತೆ ಅವಳು ತಂದದ್ದು ಸಂಶಯ. ‘ಹಾಗಿರಲಿಕ್ಕಿಲ್ಲವೇನೋ’ ಎಂಬ ಸಣ್ಣ ಅನುಮಾನವನ್ನು ಅವಳು ಅವನ ಹತಾಶೆಯೊಳಕ್ಕೆ ಬಿಡುತ್ತಾಳೆ. ಭರವಸೆ ಹುಟ್ಟುವುದು ಅಲ್ಲಿಂದ.

ಹತಾಶೆ ಒಂದು ಭಾವನೆ ಮಾತ್ರವಲ್ಲ. ಅದು ನಾಳೆಯ ಬಗ್ಗೆ ಮಾಡಿಕೊಂಡ ತೀರ್ಮಾನ. ತೀರ್ಮಾನವಾದ್ದರಿಂದ ಅದನ್ನೂ ಪ್ರಶ್ನಿಸಬಹುದು, ಪ್ರಶ್ನಿಸಬೇಕು. ದೇವರನ್ನು, ಪವಾಡವನ್ನು, ಗುರುಗಳನ್ನು ಪ್ರಶ್ನಿಸಲು ಕಲಿತ ನಾವು ನಮ್ಮ ಹತಾಶೆಯನ್ನು ಮಾತ್ರ ವಾಸ್ತವ ಎಂದು ಕರೆದು ಅದಕ್ಕೆ ಪರೀಕ್ಷೆಯಿಂದ ವಿನಾಯಿತಿ ಕೊಡುತ್ತೇವೆ.

ಇದಕ್ಕೆ ನಾನು ಬಲ್ಲ ಅತ್ಯುತ್ತಮ ಉದಾಹರಣೆ ಭಕ್ತನೊಬ್ಬನದಲ್ಲ, ವಿಜ್ಞಾನಿಯೊಬ್ಬನದು. ಜೀವವಿಕಾಸದ ವಿದ್ವಾಂಸ ಸ್ಟೀಫನ್ ಜೇ ಗೂಲ್ಡ್‌ಗೆ 1982ರ ಜುಲೈಯಲ್ಲಿ, ನಲವತ್ತರ ವಯಸ್ಸಿನಲ್ಲಿ, ಹೊಟ್ಟೆಯ ಒಳಪದರದ ಮೀಸೋಥೀಲಿಯೋಮಾ ಎಂಬ ಅಪರೂಪದ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಏನು ಓದಬೇಕು ಎಂದು ತಮ್ಮ ವೈದ್ಯೆಯನ್ನು ಕೇಳಿದರೆ, ಓದುವಂಥದ್ದೇನೂ ಇಲ್ಲ ಎಂಬ ಉತ್ತರ ಬಂತು. ಅವರು ನೇರವಾಗಿ ಹಾರ್ವರ್ಡ್‌ನ ವೈದ್ಯಕೀಯ ಗ್ರಂಥಾಲಯಕ್ಕೆ ಹೋದರು. ಪುಸ್ತಕಗಳು ಹೇಳಿದ್ದು: ರೋಗ ಪತ್ತೆಯಾದ ಮೇಲೆ ಬದುಕುಳಿಯುವ ಅವಧಿಯ ಮಧ್ಯಾಂಕ 8 ತಿಂಗಳು. ಸಾಮಾನ್ಯ ಓದುಗ ಇದನ್ನು ‘ನನಗಿನ್ನು ಎಂಟೇ ತಿಂಗಳು’ ಎಂದು ಓದಿಕೊಳ್ಳುತ್ತಾನೆ. ಗೂಲ್ಡ್ ಅಂಕಿಅಂಶದೊಂದಿಗೆ ಜೀವನ ಕಳೆದವರು. ಮಧ್ಯಾಂಕ 8 ತಿಂಗಳು ಎಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕುತ್ತಾರೆ ಎಂದೇ ಅರ್ಥ. ಆ ಅರ್ಧದಲ್ಲಿ ಕೆಲವರು ಎಷ್ಟೋ ವರ್ಷ ಬದುಕಬಹುದು, ಏಕೆಂದರೆ ಕೆಳಗಡೆ ಸೊನ್ನೆಗಿಂತ ಇಳಿಯಲು ಜಾಗವಿಲ್ಲ, ಮೇಲ್ಗಡೆ ರೇಖೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ತಮ್ಮ ವಯಸ್ಸು, ರೋಗ ಬೇಗ ಪತ್ತೆಯಾದದ್ದು, ಸಿಗುತ್ತಿದ್ದ ಚಿಕಿತ್ಸೆ ಇವನ್ನೆಲ್ಲ ಲೆಕ್ಕ ಹಾಕಿ, ತಾವು ಆ ಉದ್ದನೆಯ ಬಾಲದಲ್ಲಿ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ ಎಂದು ಅವರು ಕಂಡುಕೊಂಡರು. 1985ರಲ್ಲಿ ಆ ಬಗ್ಗೆ ಒಂದು ಪ್ರಬಂಧ ಬರೆದರು. ತೀರಿಕೊಂಡದ್ದು 2002ರಲ್ಲಿ, ಇಪ್ಪತ್ತು ವರ್ಷಗಳ ನಂತರ, ಅದೂ ಬೇರೊಂದು ಕ್ಯಾನ್ಸರ್‌ನಿಂದ.

ಅವರು ಬದುಕಿದರು ಎಂಬುದಲ್ಲ ಇಲ್ಲಿ ಮುಖ್ಯ. ಒಂದು ವರ್ಷದಲ್ಲಿ ತೀರಿಕೊಂಡಿದ್ದರೂ ಗ್ರಂಥಾಲಯದಲ್ಲಿ ಕೂತು ಅವರು ಮಾಡಿದ ಯೋಚನೆ ಸರಿಯಾಗಿಯೇ ಇರುತ್ತಿತ್ತು. ಅವರು ವೈದ್ಯಶಾಸ್ತ್ರವನ್ನು ತಿರಸ್ಕರಿಸಲಿಲ್ಲ, ಚಿಕಿತ್ಸೆ ಬಿಟ್ಟು ಓಡಲಿಲ್ಲ. ಒಂದು ಅಂಕಿ ತಮ್ಮ ಬಗ್ಗೆ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂದು ಸಂಶಯಿಸಿದರು. ಆ ಸಂಶಯವೇ ಅವರ ಭರವಸೆ. ಎರಡನ್ನೂ ಬಿಡಿಸಿ ಇಡಲು ಬರುವುದಿಲ್ಲ.

ಹೀಗೆಂದ ಮೇಲೆ ಸಂಶಯದಲ್ಲೂ ಎರಡು ಬಗೆಯಿದೆ ಎಂಬುದನ್ನು ಒಪ್ಪಬೇಕು. 2005ರ ಏಪ್ರಿಲ್‌ನಲ್ಲಿ ಷಿಕಾಗೋದ ಹೆದ್ದಾರಿಯೊಂದರ ಅಂಡರ್‌ಪಾಸ್ ಗೋಡೆಯಲ್ಲಿ ಉಪ್ಪುನೀರು ಸೋರಿ ಕಲೆಯಾಯಿತು. ಜನರಿಗೆ ಅದರಲ್ಲಿ ಮೇರಿಮಾತೆ ಕಂಡಳು. ಮೇಣದಬತ್ತಿ, ಹೂವು, ವಾಹನಗಳ ಹೊಗೆಯ ನಡುವೆ ಮಂಡಿಯೂರಿದವರು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಇಳಿದು ಬಂದಿದೆ ಎಂದು ಸಾರಿಗೆ ಇಲಾಖೆ ವಿವರಿಸಿತು. ಅದು ಸರಿಯಾದ ವಿವರಣೆ. ಮನುಷ್ಯನ ಮಿದುಳು ಮೋಡದಲ್ಲಿ, ಬಂಡೆಯಲ್ಲಿ, ಕಲೆಯಲ್ಲಿ ಮುಖ ಹುಡುಕುತ್ತದೆ, ಎರಡು ಚುಕ್ಕೆ ಒಂದು ಗೆರೆ ಸಿಕ್ಕರೂ ಸಾಕು. ಕೆಲವು ವಾರಗಳ ಮೇಲೆ ಒಬ್ಬ ಬಂದು ಆ ಕಲೆಯ ಮೇಲೆ ‘ದೊಡ್ಡ ಸುಳ್ಳು’ ಎಂಬರ್ಥದ ಎರಡು ಪದಗಳನ್ನು ಬೂಟ್ ಪಾಲಿಷ್‌ನಿಂದ ಬರೆದ. ಇಲಾಖೆ ಅದನ್ನು ಬಣ್ಣ ಬಳಿದು ಮುಚ್ಚಿತು. ಹತ್ತಿರದ ಕಾರು ತೊಳೆಯುವ ಅಂಗಡಿಯ ಇಬ್ಬರು ಕೆಲಸದವರು ಬಂದು ಆ ಬಣ್ಣವನ್ನು ಉಜ್ಜಿ ತೆಗೆದು ಕಲೆಯನ್ನು ಮತ್ತೆ ಕಾಣಿಸಿದರು.

ಬೂಟ್ ಪಾಲಿಷ್ ಹಿಡಿದು ಬಂದವನದು ಸಂಶಯವಲ್ಲ, ಸಿಟ್ಟು. ಹೆನ್ರಿ ತನ್ನ ಗೋಡೆಗೆ ನೀರು ಹೊಡೆದು, ಬ್ಲೀಚ್ ಸುರಿದು, ಕೊನೆಗೆ ಕೊಡಲಿ ಎತ್ತುವುದೂ ಅದೇ ಸಿಟ್ಟಿನಿಂದ. ನಿಜವಾಗಿ ಸಂಶಯಿಸುವವನಿಗೆ ಕಲೆ ಅಳಿಸಬೇಕಾದ ಅವಸರವಿರುವುದಿಲ್ಲ. ಅವನಿಗೆ ಅದು ಹೇಗಾಯಿತು ಎಂದು ತಿಳಿಯಬೇಕಾಗಿರುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ನೇಮಿಸಿದರು. ಅವರು ಕೇಳಿದ್ದು ಇಷ್ಟೇ: ಪವಾಡ ನಡೆಯುತ್ತದೆ ಎನ್ನುವವರು ಪರೀಕ್ಷೆಗೆ ಒಪ್ಪಲಿ. ಅದು ಬಾಗಿಲು ಮುಚ್ಚುವ ಮಾತಲ್ಲ. ಆದರೂ ಅವರ ಮೇಲೆ ಸಿಟ್ಟಾದವರು ಕಡಿಮೆಯಿರಲಿಲ್ಲ. ಗಾಂಧಿವಾದಿಯಾಗಿ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಬಾಳಿದ ಆ ಮನುಷ್ಯನನ್ನು ಭರವಸೆಯಿಲ್ಲದವನೆಂದು ಯಾರಾದರೂ ಕರೆಯಬಲ್ಲರೆ?

ಸಂಶಯ ನಂಬಿಕೆಯ ಶತ್ರು ಎಂಬುದನ್ನು ನಂಬಿಕೆಯ ಕೇಂದ್ರಗಳೇ ಒಪ್ಪಿಲ್ಲ. ಫ್ರಾನ್ಸಿನ ಲೂರ್ದ್‌ನಲ್ಲಿ 1858ರಲ್ಲಿ ಬರ್ನಡೆಟ್ ಎಂಬ ಬಡ ಹುಡುಗಿಗೆ ಮೇರಿಮಾತೆಯ ದರ್ಶನವಾಯಿತೆಂಬ ಕಾರಣಕ್ಕೆ ಇಂದಿಗೂ ಲಕ್ಷಾಂತರ ಜನ ಅಲ್ಲಿಗೆ ಹೋಗುತ್ತಾರೆ. ಗುಣವಾಯಿತು ಎಂದವರ ದಾಖಲೆಗಳನ್ನು ಪರಿಶೀಲಿಸಲು ಅಲ್ಲಿ ವೈದ್ಯರ ಕಚೇರಿಯೇ ಇದೆ. ಏಳು ಸಾವಿರಕ್ಕೂ ಹೆಚ್ಚು ಪ್ರಕರಣಗಳು ಅದರ ಮುಂದೆ ಬಂದಿವೆ. ಚರ್ಚು 70ನೆಯ ಪವಾಡವನ್ನು ಮಾನ್ಯ ಮಾಡಿದ್ದು 2018ರಲ್ಲಿ. ನೂರರಲ್ಲಿ ಒಂದಷ್ಟೇ ಒಪ್ಪುವ ಇಷ್ಟು ಬಿಗಿಯಾದ ಜರಡಿಯನ್ನು ನಂಬಿದವರೇ ಕಟ್ಟಿಕೊಂಡಿದ್ದಾರೆ. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಜನ ಗುಣವಾಗಲೆಂದು ಅರಸಿ ಬರುವ ಅಲ್ಲಿನ ನೀರಿನ ಬುಗ್ಗೆಯನ್ನು ಮೊದಲು ಕಂಡ ಬರ್ನಡೆಟ್‌ಗೇ ಆರೋಗ್ಯ ಸಿಗಲಿಲ್ಲ. ಉಬ್ಬಸದಿಂದ, ಕ್ಷಯದಿಂದ ನರಳಿ ಆಕೆ 1879ರಲ್ಲಿ, 35ನೆಯ ವಯಸ್ಸಿನಲ್ಲಿ, ದೂರದ ನೆವೇರ್‌ನ ಮಠದಲ್ಲಿ ತೀರಿಕೊಂಡಳು. ಆಕೆಯ ನಂಬಿಕೆ ಗುಣಮುಖವಾಗುವುದರ ಮೇಲೆ ನಿಂತಿರಲಿಲ್ಲ.

ಹೆನ್ರಿ ಪೂಲ್‌ನ ಚಿತ್ರ ಎಡವಿದ್ದು ಇಲ್ಲಿಯೇ. ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ, ದಪ್ಪ ಕನ್ನಡಕದ, ನೋಮ್ ಚಾಮ್‌ಸ್ಕಿಯನ್ನು ಓದಿಕೊಂಡ ಹುಡುಗಿ ಪೇಷನ್ಸ್ ಗೋಡೆ ಮುಟ್ಟುತ್ತಾಳೆ, ಕಣ್ಣು ಸರಿಹೋಗುತ್ತದೆ. ಅಪ್ಪ ಬಿಟ್ಟುಹೋದ ಮೇಲೆ ಮಾತೇ ನಿಲ್ಲಿಸಿದ್ದ ಪುಟ್ಟ ಮಿಲ್ಲಿ ಮುಟ್ಟುತ್ತಾಳೆ, ಮಾತು ಬರುತ್ತದೆ. ಹೆನ್ರಿ ಮಾತ್ರ ಮುಟ್ಟುವುದಿಲ್ಲ. ಕೊನೆಗೆ ಕೊಡಲಿಯೇಟಿಗೆ ಮನೆಯ ಮೂಲೆ ಅವನ ಮೇಲೇ ಕುಸಿಯುತ್ತದೆ, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರೆ ಕಾಯಿಲೆಯಿಲ್ಲ. ನಂಬಿದವರಿಗೆಲ್ಲ ಕೂಲಿ ಸಂದಾಯವಾಯಿತು. ಅದು ಸಂದಾಯವಾದ ಕ್ಷಣದಲ್ಲಿ ಎಸ್ಪೆರಾಂಜಾಳ ನಂಬಿಕೆ ಕೈಯಲ್ಲಿರುವ ರಸೀದಿಯಾಗಿಬಿಡುತ್ತದೆ. ಸಾಕ್ಷಿ ಸಿಕ್ಕ ಮೇಲೆ ನಂಬುವುದರಲ್ಲಿ ದೊಡ್ಡತನವೇನಿದೆ? ಗುಣವಾಗದೆ ಹೋಗುವ ಲಕ್ಷಾಂತರ ಜನರಿಗೆ ಇಂಥ ಕೊನೆ ಏನು ಹೇಳುತ್ತದೆ? ನೀವು ಸರಿಯಾಗಿ ನಂಬಲಿಲ್ಲ ಎಂದೇ ತಾನೆ? ಕ್ಯಾನ್ಸರ್ ವಾರ್ಡಿನ ಹೊರಗೆ ಕೂತ ಮನೆಯವರು ಈ ಮಾತನ್ನು ನೆಂಟರಿಷ್ಟರ ಬಾಯಿಂದ ಎಷ್ಟೋ ಸಲ ಕೇಳಿರುತ್ತಾರೆ: ಹರಕೆ ಹೊತ್ತಿರಲಿಲ್ಲವಾ, ಆ ದೇವಸ್ಥಾನಕ್ಕೆ ಹೋಗಿರಲಿಲ್ಲವಾ. ಸಾವಿನ ದುಃಖದ ಮೇಲೆ ತಪ್ಪಿನ ಹೊರೆಯನ್ನೂ ಹೊರಿಸುವ ಈ ಮಾತಿನಷ್ಟು ಕ್ರೂರವಾದದ್ದು ಬೇರೆ ಕಡಿಮೆ.

ಪವಾಡದ ಭರವಸೆ ಚಿಕಿತ್ಸೆಯನ್ನೇ ತಪ್ಪಿಸಿದ ಉದಾಹರಣೆಗಳೂ ನಮ್ಮ ಸುತ್ತ ಬೇಕಾದಷ್ಟಿವೆ. ಹತಾಶೆಯನ್ನು ಸಂಶಯಿಸಿ ಎನ್ನುವವರು ಭರವಸೆಯನ್ನೂ ಸಂಶಯಿಸಬೇಡವೆ ಎಂದು ಯಾರಾದರೂ ಕೇಳಿದರೆ, ಖಂಡಿತ ಬೇಕು ಎನ್ನುತ್ತೇನೆ. ಗೂಲ್ಡ್ ಎರಡನ್ನೂ ಒಂದೇ ಅಳತೆಯಲ್ಲಿ ಅಳೆದರು, ಆದ್ದರಿಂದಲೇ ಅವರ ಭರವಸೆ ಮೋಸದ್ದಾಗಲಿಲ್ಲ.

ಹಾಗಾದರೆ ಈ ಚಿತ್ರವನ್ನು ನಾನು ಯಾಕೆ ಇಷ್ಟಪಡುತ್ತೇನೆ? ಅದರ ಪವಾಡಗಳಿಗಾಗಿ ಅಲ್ಲ, ಅದರ ನಗುವಿಗಾಗಿ. ಎಸ್ಪೆರಾಂಜಾ ತಿಂಡಿ ಹಿಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ, ಬೇಡ ಎಂದರೂ ಹೋಗುವುದಿಲ್ಲ, ಅವನ ಹಿತ್ತಿಲಿಗೆ ಜನರನ್ನು ಕರೆತರುತ್ತಾಳೆ. ನಗು ಬರುತ್ತದೆ, ಆದರೆ ಅವಳ ಭಕ್ತಿಯನ್ನು ಕಂಡು ನಗುವಂತೆ ಚಿತ್ರ ಎಲ್ಲೂ ಮಾಡುವುದಿಲ್ಲ. ಹೆನ್ರಿಯ ಮುಂಗೋಪವನ್ನೂ ಹೀಗಳೆಯುವುದಿಲ್ಲ. ಇಬ್ಬರ ಮರ್ಯಾದೆಯನ್ನೂ ಕಾಯುವ ಈ ಬಗೆಯ ಹಾಸ್ಯ ಅಪರೂಪ. ನಮ್ಮಲ್ಲಿ ಡಿ. ಸತ್ಯಪ್ರಕಾಶ್ ಅವರ ‘ಒಂದಲ್ಲಾ ಎರಡಲ್ಲಾ’ (2018) ಚಿತ್ರದಲ್ಲಿ ಅದು ಸಿಕ್ಕಿತ್ತು. ಕಳೆದುಹೋದ ಹಸು ಭಾನುವನ್ನು ಹುಡುಕಿ ಹೊರಟ ಸಮೀರ ಎಂಬ ಪುಟ್ಟ ಹುಡುಗ, ಅವನ ಸುತ್ತ ತಮ್ಮ ತಮ್ಮ ಲೆಕ್ಕದಲ್ಲಿ ಮುಳುಗಿದ ದೊಡ್ಡವರು. ಹುಡುಗನ ನಂಬಿಕೆ ಯಾರ ವಾದವನ್ನೂ ಗೆಲ್ಲುವುದಿಲ್ಲ. ದೊಡ್ಡವರಿಗೆ ತಮ್ಮ ಲೆಕ್ಕದ ಮೇಲೆ ಸ್ವಲ್ಪ ಅನುಮಾನ ಬರುವಂತೆ ಮಾಡುತ್ತದೆ.

ಹೆನ್ರಿಯ ಕತೆಯಲ್ಲಿ ನನ್ನ ಮನಸ್ಸು ಗೋಡೆಗಿಂತ ಮಿಲ್ಲಿಯ ಟೇಪ್ ರೆಕಾರ್ಡರ್ ಮೇಲೆ ನಿಲ್ಲುತ್ತದೆ. ಮಾತಾಡದ ಆ ಮಗು ಸುತ್ತಲಿನವರ ಮಾತನ್ನು ಕದ್ದು ರೆಕಾರ್ಡ್ ಮಾಡಿಕೊಳ್ಳುತ್ತದೆ. ಮಾತು ಮರಳಿ ಬಂದ ಮೇಲೆ, ಹೆನ್ರಿ ಸಾಯಲಿದ್ದಾನೆಂದು ಗೊತ್ತಾದಾಗ ಮತ್ತೆ ಮೌನಕ್ಕೆ ಜಾರುತ್ತದೆ. ಗೋಡೆ ಕೊಟ್ಟದ್ದನ್ನು ದುಃಖ ಕಸಿದುಕೊಂಡಿತು. ಅಂದರೆ ಆ ಮಗುವಿಗೆ ಬೇಕಾಗಿದ್ದದ್ದು ಪವಾಡವಲ್ಲ, ಬಿಟ್ಟುಹೋಗದ ಒಬ್ಬ ಮನುಷ್ಯ. ಚಿತ್ರ ಇಲ್ಲಿ ಧೈರ್ಯ ಮಾಡಬಹುದಿತ್ತು. ಕಾಯಿಲೆ ಇದ್ದ ಹಾಗೇ ಇರಲಿ, ಇನ್ನೆಷ್ಟು ದಿನ ಎಂಬುದು ಯಾರಿಗೂ ಗೊತ್ತಿಲ್ಲದೆ ಇರಲಿ, ಆದರೂ ಹೆನ್ರಿ ಕುರ್ಚಿ ಬಿಟ್ಟೆದ್ದು ಆ ಮಗುವಿನ ಮನೆಗೆ ಹೋಗಿ ಬಾಗಿಲು ತಟ್ಟಲಿ ಎಂದು ಬಿಡಬಹುದಿತ್ತು.

ಹಾಗೆ ಬಿಟ್ಟ ಚಿತ್ರ ಒಂದಿದೆ. ಅಕಿರಾ ಕುರೊಸಾವಾ 1952ರಲ್ಲಿ ಮಾಡಿದ ‘ಇಕಿರು’ವಿನಲ್ಲಿ ಹೊಟ್ಟೆಯ ಕ್ಯಾನ್ಸರಾದ ಸರ್ಕಾರಿ ಅಧಿಕಾರಿ ವತನಾಬೆ ಸಾಯುವ ಮುನ್ನ ಕಚೇರಿಯಿಂದ ಕಚೇರಿಗೆ ಅಲೆದು, ಬೈಸಿಕೊಂಡು, ಕೊಳಚೆ ನೀರು ನಿಂತಿದ್ದ ಜಾಗದಲ್ಲಿ ಮಕ್ಕಳಿಗೊಂದು ಪಾರ್ಕ್ ಮಾಡಿಸುತ್ತಾನೆ. ಅವನಿಗೆ ಗುಣವಾಗುವುದಿಲ್ಲ. ಅವನ ಸಾವಿನ ಮನೆಯಲ್ಲಿ ಸಹೋದ್ಯೋಗಿಗಳು ಕುಡಿದು, ಅತ್ತು, ನಾವೂ ಅವನಂತೆ ಕೆಲಸ ಮಾಡೋಣ ಎಂದು ಶಪಥ ಮಾಡುತ್ತಾರೆ. ಕಚೇರಿಗೆ ಬಂದ ಮೇಲೆ ಎಲ್ಲ ಮೊದಲಿನಂತೆ. ಒಬ್ಬ ಮಾತ್ರ ತಡೆಯಲಾರದೆ ಎದ್ದು ನಿಲ್ಲುತ್ತಾನೆ, ಎಲ್ಲರೂ ನೋಡುವುದನ್ನು ಕಂಡು ಕಡತಗಳ ಹಿಂದೆ ಮತ್ತೆ ಕೂತುಬಿಡುತ್ತಾನೆ. ಅವನು ಮುಂದೆ ಎಂದಾದರೂ ಎದ್ದನೋ ಇಲ್ಲವೋ ಕುರೊಸಾವಾ ಹೇಳುವುದಿಲ್ಲ, ಹೇಳದಿರುವುದು ಸರಿ.