ಮುರಿದದ್ದು ಮಂಡಿ, ಕೊಯ್ದದ್ದು ಸೊಂಟ

ಇತ್ತೀಚೆಗೆ ಆದೋನಿಯ ನನ್ನ ಕಚೇರಿಗೆ ರೈತರೊಬ್ಬರು ಊರುಗೋಲಿನ ಆಸರೆಯಿಂದ ಬಂದರು. ಜೊತೆಗೆ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುವ ಮಗಳು. ಹತ್ತಿ ತುಂಬಿದ ಗಾಡಿಯ ಮೇಲಿಂದ ಬಿದ್ದು ಅವರ ಮಂಡಿ ಮುರಿದಿತ್ತು. “ಮುರಿದದ್ದು ಮಂಡಿ, ಸೊಂಟ ಯಾಕ ಕೊಯ್ದಾರ್ರೀ? ನನ್ನ ಎಲುಬು ಕದ್ದಾರ. ಕೇಸು ಹಾಕ್ರಿ” ಎಂಬುದು ಅವರ ಅಹವಾಲು.

ಕಾಗದಗಳನ್ನು ಪರಿಶೀಲಿಸಿದೆ. ಎಲುಬನ್ನು ಯಾರೂ ಕದ್ದಿರಲಿಲ್ಲ; ಅದು ಅವರ ದೇಹದಲ್ಲಿಯೇ ಸ್ಥಳ ಬದಲಿಸಿತ್ತು. ಮಂಡಿಯ ಕೆಳಗಿನ ಟಿಬಿಯಾ ಎಂಬ ಮೂಳೆಯ ಮೇಲ್ತುದಿಯ ಒಳಭಾಗ ಸ್ಪಂಜಿನಂತಿರುತ್ತದೆ. ಬಲವಾದ ಪೆಟ್ಟು ಬಿದ್ದರೆ ಕೀಲಿನ ನುಣುಪಾದ ಮೇಲ್ಮೈ ಅದರೊಳಕ್ಕೆ ಕುಸಿಯುತ್ತದೆ. ಶಸ್ತ್ರವೈದ್ಯರು ಅದನ್ನು ಮೇಲೆತ್ತಿ ಸಮಗೊಳಿಸಿದಾಗ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ. ತುಂಬದೆ ಬಿಟ್ಟರೆ ಮತ್ತೆ ಕುಸಿಯಬಹುದು. ಆದುದರಿಂದ ಸೊಂಟದ ಮೂಳೆಯ ಅಂಚಿನಿಂದ ಸ್ವಲ್ಪ ತೆಗೆದು ಅಲ್ಲಿ ತುಂಬಿ, ಪ್ಲೇಟು ಸ್ಕ್ರೂಗಳಿಂದ ಬಿಗಿಯುವುದುಂಟು. ಇದೇ ಮೂಳೆ ಕಸಿ. ಸ್ವಂತ ಮೂಳೆಯನ್ನು ದೇಹ ತಿರಸ್ಕರಿಸುವುದಿಲ್ಲ. ಆದರೆ ತೆಗೆದ ಜಾಗದಲ್ಲಿ ನೋವು ಕೆಲಕಾಲ ಉಳಿಯಬಹುದು. ದಾನಿಯ ಮೂಳೆ, ಕ್ಯಾಲ್ಸಿಯಂ ಫಾಸ್ಫೇಟಿನಂಥ ಬದಲಿ ವಸ್ತುಗಳೂ ಬಳಕೆಯಲ್ಲಿವೆ.

ಹಾಗಾದರೆ ತಪ್ಪೇ ನಡೆದಿಲ್ಲವೆ? ನಡೆದಿದೆ. ಸೊಂಟದ ಮೂಳೆಯ ವಿಷಯ ಒಪ್ಪಿಗೆ ಪತ್ರದಲ್ಲಿ ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದವರಿಲ್ಲ, ಕೆಳಗೆ ಹೆಬ್ಬೆಟ್ಟು ಮಾತ್ರ ಬಿದ್ದಿತ್ತು. ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ, ಪರ್ಯಾಯಗಳನ್ನು ಸಾಕಷ್ಟು ತಿಳಿಸಿ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿಯೇ ತೀರ್ಪಿತ್ತಿದೆ.

ಆದರೂ ನಾನು ಕೂಡಲೇ ಕೇಸು ಹಾಕಲಿಲ್ಲ. ಮೊದಲು ಚಿಕಿತ್ಸಾ ದಾಖಲೆಗಳನ್ನು ಕೇಳಿರಿ ಎಂದೆ. ಕೇಳಿದ 72 ಗಂಟೆಗಳೊಳಗೆ ಅವನ್ನು ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ದಾಖಲೆ ಪಡೆಯಲು ಹೋದಾಗ ವೈದ್ಯರು ಚಿತ್ರ ಬರೆದು ವಿವರಿಸಿದರಂತೆ. ರೈತರ ಸಿಟ್ಟು ಇಳಿಯಿತು. “ಇದನ್ನ ಮೊದಲೇ ಹೇಳಿದ್ರ ನಾನೇ ಹೂಂ ಅಂತಿದ್ದೆ” ಎಂದರು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ಆದೋನಿ, ಆಲೂರು ಸೀಮೆಯ ನಮಗೆ ಒಪ್ಪಿಗೆ ಪತ್ರ ಕನ್ನಡದಲ್ಲಿ ಸಿಗುವುದು ವಿರಳ. ಆದರೆ ತಿಳಿಯುವ ಭಾಷೆಯಲ್ಲಿ ವಿವರಿಸಿರೆಂದು ಕೇಳಲು ಸಂಕೋಚ ಬೇಡ. ಏನು ಮಾಡುತ್ತೀರಿ? ಎಲ್ಲೆಲ್ಲಿ ಕೊಯ್ಯುತ್ತೀರಿ? ಅಪಾಯವೇನು? ಬೇರೆ ದಾರಿ ಇದೆಯೆ? ಈ ನಾಲ್ಕು ಪ್ರಶ್ನೆಗಳನ್ನು ಆ ಹುಡುಗಿ ತನ್ನ ನೋಟುಪುಸ್ತಕದಲ್ಲಿ ಬರೆದುಕೊಂಡಳು. ನಿಮ್ಮ ಮಕ್ಕಳೂ ಬರೆದಿಟ್ಟುಕೊಳ್ಳಲಿ.