ಓಡುವವರ ಮೈತೂಕ

ಮುಂಬಯಿಯಿಂದ ಸೋದರಿಯೊಬ್ಬರು ನಮಗೆ ಬರೆದಿರುತ್ತಾರೆ. ಜನವರಿಯ ಮುಂಬಯಿ ಮ್ಯಾರಥಾನಿನಲ್ಲಿ ಅರ್ಧ ದೂರ, ಎಂದರೆ 21 ಕಿಲೋಮೀಟರು ಓಡುವ ಹವ್ಯಾಸ ಅವರದು. ಮೈ ಹಗುರಾದಷ್ಟೂ ವೇಗ ಹೆಚ್ಚುವುದೆಂದು ಯಾರೋ ಹೇಳಿದ್ದನ್ನು ನಂಬಿ ರಾತ್ರಿಯ ಊಟ ಬಿಟ್ಟರು. ನಾಲ್ಕು ತಿಂಗಳಲ್ಲಿ 58 ಕಿಲೋದಿಂದ 51ಕ್ಕೆ ಇಳಿದರು. ಮೊದಲು ವೇಗ ತುಸು ಹೆಚ್ಚಿತಂತೆ. ಈಗ ಪೆಡರ್ ರಸ್ತೆಯ ಏರಿನಲ್ಲಿ ಕಾಲೇ ಬರುವುದಿಲ್ಲ. ಮುಟ್ಟು ಮೂರು ತಿಂಗಳಿಂದ ನಿಂತಿದೆ. “ಓಡುವ ಹೆಂಗಸರಿಗೆ ಇದು ಸಹಜವಂತೆ, ನಿಜವೇ?” ಎಂದು ಕೇಳಿದ್ದಾರೆ.

ನಿಜವಲ್ಲ. ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಇದನ್ನು ಮೊದಲೇ ಹೇಳಿ, ಕಾರಣದ ವಿಚಾರಕ್ಕೆ ಬರುತ್ತೇವೆ.

ಹಗುರಾದರೆ ಓಟ ಸಲೀಸೆಂಬ ಮಾತು ಪೂರ್ತಿ ಸುಳ್ಳೇನಲ್ಲ. ಒಂದು ಕಿಲೋ ಮೈತೂಕವನ್ನು ಒಂದು ಕಿಲೋಮೀಟರು ದೂರ ಓಡಿಸಲು ಸುಮಾರು ಒಂದು ಕ್ಯಾಲೊರಿ ಖರ್ಚು. 1978ರಲ್ಲಿ ಅಮೇರಿಕದ ಸಂಶೋಧಕರು ಓಟಗಾರರ ಮೈಗೆ ತೂಕ ಕಟ್ಟಿ ಓಡಿಸಿ ನೋಡಿದರು. ಮೈತೂಕದ ನೂರಕ್ಕೆ ಐದರಷ್ಟು ಹೊರೆ ಸೇರಿಸಿದಾಗಲೆಲ್ಲ, 12 ನಿಮಿಷದಲ್ಲಿ ಕ್ರಮಿಸುವ ದೂರ ಸುಮಾರು 89 ಮೀಟರಿನಂತೆ ಕಡಿಮೆಯಾಯಿತು. ಆದರೆ ಅವರು ಕಟ್ಟಿದ್ದು ಸುಮ್ಮನೆ ಹೊರುವ ಭಾರ. ಅಗತ್ಯಕ್ಕೆ ಮೀರಿದ ಕೊಬ್ಬನ್ನು ಅದಕ್ಕೆ ಹೋಲಿಸಬಹುದು; ತೊಡೆಯ ಮಾಂಸಖಂಡವನ್ನೂ ರಕ್ತವನ್ನೂ ಎಲುಬನ್ನೂ ಹೋಲಿಸಲಾಗದು. ಅವು ಓಡಿಸುವ ಎತ್ತುಗಳು, ಕೊಬ್ಬು ಗಾಡಿಯ ಮೇಲಿನ ಮೂಟೆ. ತೂಕದ ಯಂತ್ರಕ್ಕಾದರೋ ಎತ್ತೂ ಒಂದೇ ಮೂಟೆಯೂ ಒಂದೇ.

ಪುಣೆಯ ಡಾಕ್ಟರ್ ಚಿತ್ತರಂಜನ ಯಾಜ್ಞಿಕ್ ಅವರೂ ಲಂಡನ್ನಿನ ಡಾಕ್ಟರ್ ಯುಡ್ಕಿನ್ ಅವರೂ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಭಾವಚಿತ್ರವನ್ನು ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕವನ್ನು ಹೊಂದಿಸಿ ನೋಡುವ ಬಿ.ಎಂ.ಐ. ಇಬ್ಬರದೂ 22.3, ನೋಟಕ್ಕೆ ಇಬ್ಬರೂ ತೆಳ್ಳಗಿನವರೇ. ಅಳೆದಾಗ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರದು 21.2! ನಮ್ಮ ಜನರ ಮೈಕಟ್ಟೇ ಬಹುಮಟ್ಟಿಗೆ ಹೀಗೆ: ಕೈಕಾಲು ಸಣ್ಣ, ಮಾಂಸಖಂಡ ಕಡಿಮೆ, ಕೊಬ್ಬೆಲ್ಲ ಹೊಟ್ಟೆಯ ಸುತ್ತ. ಮೊದಲೇ ಎತ್ತು ಬಡಕಲಾಗಿರುವಾಗ ಮೇವು ನಿಲ್ಲಿಸಿದರೆ ಗಾಡಿಯ ಗತಿ ಏನಾದೀತು?

ಉಪವಾಸದಿಂದ ಮೊದಲ ವಾರದಲ್ಲಿ ಇಳಿಯುವ ತೂಕದಲ್ಲಿ ನೀರಿನ ಪಾಲು ದೊಡ್ಡದು. ಅನ್ನ, ಮುದ್ದೆ, ಚಪಾತಿಗಳಿಂದ ಬಂದ ಸಕ್ಕರೆಯ ಅಂಶ ಮಾಂಸಖಂಡಗಳಲ್ಲಿ ಶೇಖರವಾಗಿರುತ್ತದೆ; ಅದರ ಪ್ರತಿ ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರು ಅಂಟಿರುತ್ತದೆ. ಆ ಶೇಖರಣೆ ಬರಿದಾದರೆ ಮುಳ್ಳೇನೋ ಕೆಳಗಿಳಿಯುತ್ತದೆ, ಆದರೆ ಏರು ಹತ್ತಲು ಬೇಕಾದ ಉರುವಲೇ ಅದು. ಆಮೇಲೂ ಊಟ ಸಾಲದಿದ್ದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಓಟದ ಖರ್ಚು ಕಳೆದು ಉಳಿದ ಆಹಾರ ಸಾಲದೆ ಹೋದಾಗ ದೇಹವು ಜಿಪುಣ ಯಜಮಾನನಂತೆ ಒಂದೊಂದೇ ಖಾತೆಯನ್ನು ಮುಚ್ಚುತ್ತ ಬರುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುತ್ತದೆ, ಎಲುಬು ಸವೆದು ಸಣ್ಣ ಬಿರುಕು ಬಿಡುತ್ತದೆ, ಗಾಯ ಬೇಗ ಮಾಯುವುದಿಲ್ಲ. ಗಂಡಸರೂ ಇದಕ್ಕೆ ಹೊರತಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದನ್ನೆಲ್ಲ ಒಂದೇ ವ್ಯಾಧಿಯೆಂದು ಗುರುತಿಸಿ ಎಚ್ಚರಿಸಿದರು.

ಸೋದರಿಯವರು ರಾತ್ರಿಯ ಊಟವನ್ನು ಇಂದೇ ಆರಂಭಿಸಲಿ. ಓಡಿ ಬಂದ ಒಂದು ಗಂಟೆಯೊಳಗೆ ಏನಾದರೂ ಹೊಟ್ಟೆಗೆ ಬೀಳಬೇಕು. ಕಡಲೆಕಾಳಿನ ಉಸಲಿ, ಹೆಸರುಬೇಳೆಯ ಕೋಸಂಬರಿ, ಮೊಟ್ಟೆ, ಮೊಸರನ್ನ, ಮನೆಯಲ್ಲಿ ನಡೆಯುವ ಯಾವುದಾದರೂ ಸರಿ. ವೈದ್ಯರಲ್ಲಿ ರಕ್ತದ ಕಬ್ಬಿಣದ ಅಂಶವನ್ನೂ ಪರೀಕ್ಷೆ ಮಾಡಿಸಲಿ. ಮುಟ್ಟು ಮರಳುವವರೆಗೆ ಸ್ಪರ್ಧೆಯ ಮಾತು ಬೇಡ. ಹೆಣ್ಣಿನ ಮೈಗೆ ಗಂಡಿಗಿಂತ ಹೆಚ್ಚು ಕೊಬ್ಬು ಬೇಕೇ ಬೇಕು, ಅದು ಪ್ರಕೃತಿ ಇಟ್ಟ ಠೇವಣಿ.

ಇನ್ನು ನಮ್ಮ ಗಂಡಸರ ಮಾತು. ಅವರ ಕಷ್ಟವೇ ಬೇರೆ. 60 ಕಿಲೋದವರು ಐದು ಕಿಲೋಮೀಟರು ಓಡಿದರೆ 300 ಕ್ಯಾಲೊರಿ ಖರ್ಚು. ಹಿಂದಿರುಗುವಾಗ ಉಡುಪಿ ಹೋಟೆಲಿಗೆ ನುಗ್ಗಿ ಮಸಾಲೆ ದೋಸೆ, ಕಾಫಿ ಮುಗಿಸಿದರೆ ಲೆಕ್ಕ ಅಲ್ಲಿಗೇ ಚುಕ್ತ. ನಿಜವಾಗಿಯೂ ಹೊಟ್ಟೆ ಇಳಿಸಬೇಕಾದವರು ವಾರಕ್ಕೆ ಅರ್ಧ ಕಿಲೋ ಮೀರದಂತೆ, ಸ್ಪರ್ಧೆ ದೂರವಿರುವ ತಿಂಗಳುಗಳಲ್ಲಿ ಇಳಿಸಲಿ. ವಾರಕ್ಕೆರಡು ಸಲ ಬಸ್ಕಿ ಹೊಡೆದರೆ ಮಾಂಸಖಂಡ ಉಳಿಯುತ್ತದೆ. ವ್ಯಾಯಾಮಶಾಲೆಗಳಲ್ಲಿ ಬರಿಗಾಲಲ್ಲಿ ನಿಲ್ಲಿಸಿ ಕೊಬ್ಬು ಹೇಳುವ ಯಂತ್ರಗಳು ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ಅಂದಾಜು ಮಾಡುತ್ತವೆ. ನೀರು ಕುಡಿದರೊಂದು, ಬೆವರಿದರೊಂದು ಅಂಕಿ ಬರುತ್ತದೆ. ಅದಕ್ಕೆ ದುಡ್ಡು ಸುರಿಯುವುದಕ್ಕಿಂತ ದರ್ಜಿಯ ಟೇಪು ಮೇಲು. ತಿಂಗಳಿಗೊಮ್ಮೆ ಬೆಳಗ್ಗೆ ಬರಿಹೊಟ್ಟೆಯಲ್ಲಿ ಸೊಂಟ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ದಾಟಬಾರದು.

ಓಡುವವರ ಮೊಣಕಾಲು ನೋವಿನ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಮುಂದಿನ ಸಂಚಿಕೆಯಲ್ಲಿ ಎತ್ತಿಕೊಳ್ಳುತ್ತೇವೆ.